ರೊಮ್ಯಾಂಟಿಕ್ ಯುಗದ ಪಿಯಾನೊ ಕನ್ಚರ್ಟೊ: ರಚನೆಯನ್ನು ಕಿವಿಯಿಂದಲೇ ಗುರುತಿಸುವ ಬಗೆ

ಹತ್ತೊಂಬತ್ತನೇ ಶತಮಾನದ ಪಿಯಾನೊ ಕನ್ಚರ್ಟೊ, ಅಂದರೆ ಒಂದು ಪಿಯಾನೊ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ದೊಡ್ಡ ಕೃತಿ, ಮೊದಲ ಕೇಳ್ಮೆಗೇ ಹಿಡಿಸುತ್ತದೆ. ಅದರ ದಾರಿ ಮಾತ್ರ ಅಷ್ಟು ಬೇಗ ಸಿಗುವುದಿಲ್ಲ. ಅರ್ಧ ಗಂಟೆ ಕೇಳಿ ಮುಗಿಸಿದ ಮೇಲೆ ಎರಡು ಮೂರು ಧಾಟಿಗಳು ನೆನಪಿನಲ್ಲಿ ಉಳಿಯುತ್ತವೆ. ಎಲ್ಲಿಂದ ಹೊರಟೆವು, ಎಲ್ಲಿ ತಿರುಗಿದೆವು, ಯಾವಾಗ ವಾಪಸಾದೆವು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಪುಸ್ತಕ ತೆರೆದರೆ ಎಕ್ಸ್‌ಪೊಸಿಷನ್ (ಮುಖ್ಯ ಧಾಟಿಗಳ ಮಂಡನೆ), ಡೆವಲಪ್‌ಮೆಂಟ್ (ಅವುಗಳ ಅಲೆದಾಟ), ರೀಕ್ಯಾಪಿಚುಲೇಷನ್ (ಮರಳಿಕೆ) ಎಂಬ ನಕ್ಷೆ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಕೇಳಲು ಕೂತರೆ ಐದೇ ನಿಮಿಷದಲ್ಲಿ ಸಂಗೀತ ಒಂದು ಕಡೆ, ನಕ್ಷೆ ಇನ್ನೊಂದು ಕಡೆ.

ಆ ನಕ್ಷೆ ಮೊಜಾರ್ಟ್ ಕಾಲದ ಮನೆಯದು, ತಪ್ಪಾಗುವುದು ಅದಕ್ಕೇ. ರೊಮ್ಯಾಂಟಿಕ್ ಯುಗದವರು ಅದೇ ಮನೆಯಲ್ಲಿ ಇದ್ದುಕೊಂಡೇ ಒಬ್ಬೊಬ್ಬರು ಒಂದೊಂದು ಗೋಡೆ ತೆಗೆದರು. ಯಾವ ಗೋಡೆ ಹೋಗಿದೆ ಎಂದು ಕಂಡುಕೊಳ್ಳುವುದೇ ಇಲ್ಲಿನ ಕೆಲಸ. ಇದಕ್ಕೆ ಶೀಟ್ ಮ್ಯೂಸಿಕ್ ಓದಲು ಬರಬೇಕೆಂದಿಲ್ಲ. ಧಾಟಿಗಳ ಹಿಂದೆ ಓಡದೆ, ಷಡ್ಜ ಎಲ್ಲಿದೆ ಮತ್ತು ಸದ್ಯ ಮಾತಾಡುತ್ತಿರುವವರು ಯಾರು ಎಂಬ ಎರಡೇ ವಿಷಯಗಳನ್ನು ಹಿಂಬಾಲಿಸಿದರೆ ಸಾಕು. ರಾಬರ್ಟ್ ಶೂಮನ್‌ನ ಎ ಮೈನರ್ ಕನ್ಚರ್ಟೊ, ಓಪಸ್ 54, ಇದನ್ನು ಕಲಿಯಲು ಎಲ್ಲಕ್ಕಿಂತ ಒಳ್ಳೆಯ ಕೃತಿ. ಧಾಟಿಯ ಹಿಂದೆ ಓಡುವವರು ದಾರಿ ತಪ್ಪುವಂತೆಯೇ ಅದನ್ನು ಕಟ್ಟಲಾಗಿದೆ.

ಮೊದಲು ಹಳೆಯ ಮನೆ

ಮೊಜಾರ್ಟ್‌ನ ಕನ್ಚರ್ಟೊದ ಮೊದಲ ಭಾಗದಲ್ಲಿ ಆರ್ಕೆಸ್ಟ್ರಾ ಒಂದೇ ಶುರು ಮಾಡುತ್ತದೆ. ಎರಡು ಮೂರು ನಿಮಿಷ ಅದು ಮುಖ್ಯ ಥೀಮ್‌ಗಳನ್ನು ಮೂಲ ಷಡ್ಜದಲ್ಲೇ ನುಡಿಸುತ್ತದೆ, ಪಿಯಾನೊ ಸುಮ್ಮನಿರುತ್ತದೆ. ಆಮೇಲೆ ಪಿಯಾನೊ ಪ್ರವೇಶಿಸಿ ಅದೇ ವಿಷಯವನ್ನು ತನ್ನ ಬಾಯಲ್ಲಿ ಹೇಳುತ್ತದೆ, ಆದರೆ ಈ ಸಲ ಷಡ್ಜ ಬೇರೆಡೆಗೆ, ಸಾಮಾನ್ಯವಾಗಿ ಪಂಚಮಕ್ಕೆ, ಸರಿಯುತ್ತದೆ. ಇಡೀ ಮೇಳ ಜೋರಾಗಿ ಬಂದು ಅದಕ್ಕೆ ಮುದ್ರೆ ಒತ್ತುತ್ತದೆ. ನಡುವೆ ಅಲೆದಾಟ. ಆಮೇಲೆ ಮೂಲ ಷಡ್ಜಕ್ಕೆ ಮರಳಿ ಎರಡೂ ಥೀಮ್‌ಗಳು ಮನೆಯಲ್ಲೇ ಕೇಳಿಸುತ್ತವೆ. ಕೊನೆಗೆ ಆರ್ಕೆಸ್ಟ್ರಾ ಒಂದು ತುಂಬು ಸ್ವರಮೇಳದ (ಒಟ್ಟಿಗೆ ನುಡಿಯುವ ಸ್ವರಗಳ) ಮೇಲೆ ನಿಂತುಬಿಡುತ್ತದೆ, ಪಿಯಾನೊ ಒಂಟಿಯಾಗಿ ಕಡೆನ್ಜಾ ನುಡಿಸುತ್ತದೆ, ಉದ್ದನೆಯ ಟ್ರಿಲ್‌ನಿಂದ (ಪಕ್ಕದ ಎರಡು ಸ್ವರಗಳ ವೇಗದ ಅದಲುಬದಲಿನಿಂದ) ಸನ್ನೆ ಕೊಡುತ್ತದೆ, ಆರ್ಕೆಸ್ಟ್ರಾ ಬಂದು ಮುಗಿಸುತ್ತದೆ. ನಮ್ಮ ಕಛೇರಿಯಲ್ಲಿ ಮೃದಂಗದ ತನಿಯ ಕೊನೆಯ ಮುಕ್ತಾಯ ಕೇಳಿದ ಕೂಡಲೇ ಗಾಯಕರು ಪಲ್ಲವಿ ಎತ್ತಿಕೊಳ್ಳುವ ಹಾಗೆ.

ಈ ಕ್ರಮವನ್ನು ಒಡೆಯಲು ಶುರು ಮಾಡಿದವರು ರೊಮ್ಯಾಂಟಿಕರೇ ಅಲ್ಲ. ಬೆಥೋವನ್ ತನ್ನ ನಾಲ್ಕನೆಯ ಕನ್ಚರ್ಟೊವನ್ನು ಪಿಯಾನೊ ಒಂದರಿಂದಲೇ, ಐದು ಬಾರ್‌ಗಳ (ತಾಳದ ಆವರ್ತಗಳ) ಮೆಲುದನಿಯಲ್ಲಿ, ಶುರು ಮಾಡಿದ. ಐದನೆಯದರ ಮೊದಲ ಭಾಗದಲ್ಲಿ ಕಡೆನ್ಜಾ ಬರಬೇಕಾದ ಜಾಗದಲ್ಲಿ ಅದನ್ನು ನುಡಿಸಕೂಡದೆಂದೂ ನೇರವಾಗಿ ಮುಂದುವರಿಯಬೇಕೆಂದೂ ಸ್ವರಲಿಪಿಯಲ್ಲೇ ಬರೆದಿಟ್ಟ. ಮುಂದಿನ ಪೀಳಿಗೆ ಕೆಲಸ ಮಾಡಿದ್ದು ಈ ಎರಡೂ ಜಾಗಗಳಲ್ಲೇ, ಬಾಗಿಲಲ್ಲಿ ಮತ್ತು ಕಡೆನ್ಜಾದಲ್ಲಿ.

ಬೇಕಾದ ಸಾಮಾನು

ಶೂಮನ್ ಕನ್ಚರ್ಟೊದ ಪೂರ್ತಿ ಧ್ವನಿಮುದ್ರಣ ಒಂದು. ಯಾರದ್ದಾದರೂ ಆಗಲಿ, ಆದರೆ ಪ್ರತಿ ಸಲ ಅದನ್ನೇ ಕೇಳಿ. ಬೇರೆ ಬೇರೆ ವಾದಕರ ವೇಗ ಬೇರೆ ಬೇರೆ, ಬರೆದಿಟ್ಟ ಸಮಯಗಳೆಲ್ಲ ಏರುಪೇರಾಗುತ್ತವೆ. ಆ್ಯಪ್‌ನಲ್ಲಿ ಹಾಡುಗಳ ನಡುವಿನ ಮೌನ ತೆಗೆಯುವ 'ಗ್ಯಾಪ್‌ಲೆಸ್' ಆಯ್ಕೆಯನ್ನು ಆನ್ ಮಾಡಿಕೊಳ್ಳಿ. ಅದು ಏಕೆ ಬೇಕೆಂಬುದು ಮುಂದೆ ತಿಳಿಯುತ್ತದೆ. ಒಂದು ಉದ್ದ ಹಾಳೆ, ಪೆನ್ಸಿಲ್. ಮೊದಲ ಭಾಗ ಸುಮಾರು 15 ನಿಮಿಷ. ಅದನ್ನು ನಾಲ್ಕು ಸಲ ಕೇಳಬೇಕು, ಒಂದೇ ದಿನ ಅಲ್ಲ.

ಇನ್ನೊಂದು ಸಾಮಾನು ಕನ್ನಡಿಗರ ಮನೆಗಳಲ್ಲಿ ಸುಲಭವಾಗಿ ಸಿಗುವಂಥದ್ದು: ಶ್ರುತಿ ಪೆಟ್ಟಿಗೆ, ಇಲ್ಲವೇ ಫೋನಿನ ತಂಬೂರಿ ಆ್ಯಪ್. ಶ್ರುತಿಯನ್ನು ಎ ಸ್ವರಕ್ಕೆ, ಅಂದರೆ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಆರಕ್ಕೆ, ಇಟ್ಟು ಪಂಚಮದ ತಂತಿ ಆರಿಸಿ. ಆ್ಯಪ್ ಸಾಮಾನ್ಯವಾಗಿ ಎ = 440 ಹರ್ಟ್ಸ್‌ನಲ್ಲಿರುತ್ತದೆ. ಈಗಿನ ಎಷ್ಟೋ ಆರ್ಕೆಸ್ಟ್ರಾಗಳು 442 ಅಥವಾ 443ಕ್ಕೆ ಶ್ರುತಿ ಮಾಡಿಕೊಳ್ಳುತ್ತವೆ. ಹೊಂದದೆ ಕಿರಿಕಿರಿ ಎನಿಸಿದರೆ ಆ್ಯಪ್‌ನಲ್ಲಿ 8ರಿಂದ 12 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಏರಿಸಿ. ಇದನ್ನು ಮೂರನೆಯ ಕೇಳ್ಮೆಗೆ ಮಾತ್ರ ಬಳಸಿ. ಮೊದಲೇ ಹಚ್ಚಿದರೆ ಕಿವಿ ತಂಬೂರಿಗೇ ಅಂಟಿಕೊಂಡು ಸಂಗೀತ ತಪ್ಪಿಹೋಗುತ್ತದೆ.

ಮೊದಲ ಕೇಳ್ಮೆ: ಬಾಗಿಲು ಹೇಗೆ ತೆರೆಯಿತು

ಮೊದಲ ಒಂದು ನಿಮಿಷವನ್ನು ಮೂರು ಸಲ ಕೇಳಿ, ನಂತರ ನಿಲ್ಲಿಸದೆ ಇಡೀ ಭಾಗವನ್ನು ಕೇಳಿ. ಬರೆಯಬೇಕಾದ್ದು ಒಂದೇ ವಾಕ್ಯ: ಪಿಯಾನೊ ಯಾವಾಗ, ಹೇಗೆ ಬಂತು.

ಶೂಮನ್‌ನಲ್ಲಿ ಆರ್ಕೆಸ್ಟ್ರಾದ ಒಂದೇ ಒಂದು ಹೊಡೆತ ಕೇಳಿಸುತ್ತದೆ, ಇ ಸ್ವರದ ಮೇಲೆ, ಅಂದರೆ ಪಂಚಮದಲ್ಲಿ. ಆ ಕ್ಷಣದಲ್ಲೇ ಪಿಯಾನೊ ಮೇಲಿನಿಂದ ಕೆಳಕ್ಕೆ ಸ್ವರಮೇಳಗಳ ಜಲಪಾತದಂತೆ ಧುಮುಕುತ್ತದೆ. ಅದು ನಿಂತ ಕೂಡಲೇ ಓಬೋ ಮುಂದಾಳತ್ವದಲ್ಲಿ ಮರದ ಗಾಳಿವಾದ್ಯಗಳು ಎಂಟು ಬಾರ್‌ಗಳ ಮುಖ್ಯ ಥೀಮ್ ನುಡಿಸುತ್ತವೆ, ಆಮೇಲೆ ಅದನ್ನೇ ಪಿಯಾನೊ ಹೇಳುತ್ತದೆ. ಆರ್ಕೆಸ್ಟ್ರಾದ ಉದ್ದ ಪೀಠಿಕೆ ಪೂರಾ ಹೋಗಿದೆ. ಮೊಜಾರ್ಟ್ ಮೂರು ನಿಮಿಷ ತೆಗೆದುಕೊಳ್ಳುತ್ತಿದ್ದ ಕೆಲಸ ಇಲ್ಲಿ ಅರ್ಧ ನಿಮಿಷಕ್ಕೆ ಇಳಿದಿದೆ.

ಆ ಥೀಮ್‌ನ ಮೊದಲ ನಾಲ್ಕು ಸ್ವರಗಳನ್ನು ಬಾಯಿಪಾಠ ಮಾಡಿಕೊಳ್ಳಿ: ಸಿ, ಬಿ, ಎ, ಎ. ಎ ಷಡ್ಜ ಎಂದುಕೊಂಡರೆ ಇದು ಸಾಧಾರಣ ಗಾಂಧಾರದ 'ಗ ರಿ ಸ ಸ', ಅಷ್ಟೇ. ಜರ್ಮನ್ನರು ಬಿ ಸ್ವರವನ್ನು ಎಚ್ ಎಂದು ಕರೆಯುವುದರಿಂದ ಈ ನಾಲ್ಕನ್ನು ಸಿ-ಎಚ್-ಎ-ಎ ಎಂದು ಬರೆದು, ಪಿಯಾನೊ ವಾದಕಿಯಾಗಿದ್ದ ಹೆಂಡತಿ ಕ್ಲಾರಾಳಿಗೆ ಶೂಮನ್ ಇಟ್ಟಿದ್ದ 'ಕಿಯಾರಾ' (Chiara) ಎಂಬ ಹೆಸರಿನ ಅಕ್ಷರಗಳನ್ನು ಅದರಲ್ಲಿ ಓದುವವರಿದ್ದಾರೆ. ಹೆಸರು ಇದೆಯೋ ಇಲ್ಲವೋ, ಆ ನಾಲ್ಕು ಸ್ವರಗಳು ಇಡೀ ಕೃತಿಯನ್ನು ಹೊತ್ತು ನಿಂತಿವೆ.

ಎರಡನೆಯ ಕೇಳ್ಮೆ: ಯಾರ ಸರದಿ

ಹಾಳೆಯನ್ನು ಅಡ್ಡಲಾಗಿಟ್ಟು ಒಂದು ಗೆರೆ ಎಳೆಯಿರಿ, ಪ್ರತಿ ನಿಮಿಷಕ್ಕೆ ಒಂದು ಗುರುತು ಹಾಕಿ. ಪಿಯಾನೊ ಒಂಟಿಯಾಗಿದ್ದರೆ ಗೆರೆಯ ಮೇಲೆ 'ಪಿ', ಪಿಯಾನೊ ಬಿಟ್ಟು ಇಡೀ ಮೇಳ ನುಡಿಸುತ್ತಿದ್ದರೆ ಗೆರೆಯ ಕೆಳಗೆ 'ಮೇ', ಇಬ್ಬರೂ ಇದ್ದರೆ ಏನೂ ಬೇಡ. ಧಾಟಿಯ ಬಗ್ಗೆ ಈಗ ಯೋಚಿಸಬೇಡಿ.

ಬಹಳ ಜನ ಇಲ್ಲಿ ಎಡವುತ್ತಾರೆ. ಜೋರಾಗಿ ಕೇಳಿಸಿದ ಕಡೆಯೆಲ್ಲ 'ಮೇ' ಎಂದು ಬರೆದುಬಿಡುತ್ತಾರೆ. ಪಿಯಾನೊ ಒಳಗೊಳಗೇ ನುಡಿಯುತ್ತಿದ್ದರೆ ಅದು ಮೇಳದ ಸರದಿಯಲ್ಲ. ಪಿಯಾನೊ ಪೂರ್ತಿ ಕೈಬಿಟ್ಟಿರಬೇಕು. ಶೂಮನ್‌ನ ಮೊದಲ ಭಾಗದಲ್ಲಿ ಅಂಥ ಜಾಗಗಳು ತೀರಾ ಕಡಿಮೆ, ಅದೇ ಅದರ ಗುಣ. ಆ ಕೆಲವು ಜಾಗಗಳು ಹಳೆಯ ಮನೆಯ ಕಂಬಗಳು: ನಾಲ್ಕನೆಯ ನಿಮಿಷದ ಆಸುಪಾಸಿನಲ್ಲಿ ಸಿ ಮೇಜರ್‌ನಲ್ಲಿ ಮೇಳ ಎದ್ದು ನಿಲ್ಲುವುದು ಒಂದು, ಕಡೆನ್ಜಾಕ್ಕೆ ಮುಂಚಿನದು ಇನ್ನೊಂದು. ಗೋಡೆ ತೆಗೆದ ಮೇಲೂ ಶೂಮನ್ ಕಂಬ ಉಳಿಸಿಕೊಂಡಿದ್ದಾನೆ. ಅವು ಸಿಕ್ಕಿದರೆ ನಕ್ಷೆಯ ಅರ್ಧ ಸಿಕ್ಕಂತೆ.

ಮೂರನೆಯ ಕೇಳ್ಮೆ: ಷಡ್ಜ ಎಲ್ಲಿದೆ

ನಮ್ಮ ಸಂಗೀತ ಕೇಳಿ ಬೆಳೆದ ಕಿವಿಗೆ ಕಷ್ಟವಾಗುವುದು ಇದೇ. ಕಛೇರಿಯುದ್ದಕ್ಕೂ ಷಡ್ಜ ಕದಲುವುದಿಲ್ಲ, ರಾಗಗಳಷ್ಟೇ ಬದಲಾಗುತ್ತವೆ. ಕನ್ಚರ್ಟೊದಲ್ಲಿ ಷಡ್ಜವೇ ಪ್ರಯಾಣ ಹೊರಡುತ್ತದೆ. ಗ್ರಹಭೇದ ಗೊತ್ತಿದ್ದವರಿಗೆ ಇದರ ಒಂದು ತುದಿ ಪರಿಚಿತ. ಮೈನರ್ ಎಂದರೆ ಸ್ಥೂಲವಾಗಿ ನಟಭೈರವಿಯ ಸ್ವರಗಳು, ಆಗಾಗ ನಿಷಾದ ಏರಿ ಕೀರವಾಣಿಯಂತಾಗುತ್ತದೆ. ಮೇಜರ್ ಎಂದರೆ ಶಂಕರಾಭರಣದ ಸ್ವರಗಳು. ಧಾರವಾಡದ ಕಡೆಯ ಹಿಂದುಸ್ತಾನಿ ಕಿವಿಗೆ ಅಸಾವರಿ ಮತ್ತು ಬಿಲಾವಲ್ ಥಾಟ್ ಎನ್ನಬಹುದು. ನಟಭೈರವಿಯ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣ ಬರುತ್ತದೆ. ಎ ಮೈನರ್‌ನಿಂದ ಸಿ ಮೇಜರ್‌ಗೆ ಹೋಗುವುದೆಂದರೆ ಸರಿಯಾಗಿ ಇದೇ. ಹೋಲಿಕೆಯನ್ನು ಸ್ವರಸ್ಥಾನಗಳಾಚೆಗೆ ಎಳೆಯಬೇಡಿ. ಗಮಕ, ಸಂಚಾರ ಯಾವುದೂ ಇಲ್ಲಿಲ್ಲ, ರಾಗವನ್ನು ಹುಡುಕಿದರೆ ನಿರಾಸೆಯೇ.

ಈಗ ತಂಬೂರಿಯನ್ನು ಸಣ್ಣಗೆ ಹಚ್ಚಿ, ಧ್ವನಿಮುದ್ರಣವನ್ನು ಸ್ಪೀಕರ್‌ನಲ್ಲಿ ಹಾಕಿ. 15 ನಿಮಿಷದ ವಾದನದಲ್ಲಿ ಸುಮಾರಾಗಿ ಹೀಗೆ ಕೇಳಿಸುತ್ತದೆ. ಅರ್ಧ ಮುಕ್ಕಾಲು ನಿಮಿಷ ಆಚೀಚೆ ಆದರೆ ಗಾಬರಿ ಬೇಡ.

ಶುರುವಿನಲ್ಲಿ ತಂಬೂರಿ ಹೊಂದುತ್ತದೆ. ಸಿ ಮೇಜರ್‌ಗೆ ಹೋದಾಗ ಅದೇನೂ ಕಿವಿ ಕೊರೆಯುವುದಿಲ್ಲ, ಏಕೆಂದರೆ ತಂಬೂರಿಯ ಎ ಮತ್ತು ಇ ಎರಡೂ ಸಿ ಮೇಜರ್‌ನ ಸ್ವರಗಳೇ. ಆದರೆ ಅವು ಆಧಾರವಾಗಿ ಕೇಳಿಸುವುದಿಲ್ಲ, ಪಕ್ಕಕ್ಕೆ ಸರಿದಂತಿರುತ್ತವೆ. ಈ ವ್ಯತ್ಯಾಸ ಮೊದಲ ಸಲಕ್ಕೆ ಸಿಗದೆ ಹೋಗಬಹುದು. ನಾಲ್ಕೂವರೆ ನಿಮಿಷದ ಹೊತ್ತಿಗೆ ವೇಗ ತಗ್ಗಿ ಕ್ಲಾರಿನೆಟ್ ಮತ್ತು ಪಿಯಾನೊ ಮೆಲ್ಲಗೆ ಮಾತಿಗೆ ಕೂರುತ್ತವೆ. ತಂಬೂರಿ ಅಲ್ಲಿ ಸಹಿಸಲಾಗದಷ್ಟು ಅಪಸ್ವರ. ನೀವೀಗ ಎ ಫ್ಲಾಟ್ ಮೇಜರ್‌ನಲ್ಲಿದ್ದೀರಿ, ಷಡ್ಜ ಅರ್ಧ ಸ್ವರ ಕೆಳಗೆ ಜಾರಿದೆ, ತಂಬೂರಿಯ ಷಡ್ಜಕ್ಕೂ ಪಂಚಮಕ್ಕೂ ಅಲ್ಲಿ ಜಾಗವಿಲ್ಲ. ತಂಬೂರಿ ನಿಲ್ಲಿಸಿ ಈ ಜಾಗವನ್ನು ಬರಿಗಿವಿಯಲ್ಲಿ ಮತ್ತೊಮ್ಮೆ ಕೇಳಿ. ಥೀಮ್ ಹಳೆಯದೇ, 'ಗ ರಿ ಸ'. ಅದರ ಮೊದಲ ಸ್ವರ ಸಿ ಎಂಬುದೂ ಬದಲಾಗಿಲ್ಲ. ಅಡಿಯ ನೆಲ ಅರ್ಧ ಸ್ವರ ಇಳಿದಿದ್ದರಿಂದ ಸಾಧಾರಣ ಗಾಂಧಾರವಾಗಿದ್ದ ಸಿ ಈಗ ಅಂತರ ಗಾಂಧಾರವಾಗಿದೆ. ದುಗುಡದ ಮಾತು ಸಮಾಧಾನದ ಮಾತಾಗಲು ಅಷ್ಟು ಸಾಕಾಯಿತು. ಇಡೀ ಕನ್ಚರ್ಟೊದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಕುಶಲತೆ ಇನ್ನೊಂದಿಲ್ಲ. ನಿಲ್ಲಬೇಕಾದ್ದು ಇಲ್ಲೇ.

ಆರೂವರೆ ನಿಮಿಷದ ಸುಮಾರಿಗೆ ಒಂದು ಬಲೆ ಇದೆ. ಶುರುವಿನ ಆ ಜಲಪಾತ ಮತ್ತೆ ಧುಮುಕುತ್ತದೆ. 'ಮರಳಿ ಬಂದೆವು' ಎಂದು ಬರೆದುಬಿಡುವುದು ಸಹಜ. ತಂಬೂರಿ ಹಚ್ಚಿ ನೋಡಿ, ಹೊಂದುವುದಿಲ್ಲ. ಅದು ಮನೆಯ ಬಾಗಿಲಿನ ನೆನಪು, ಬಾಗಿಲಲ್ಲ. ಅಲ್ಲಿಂದ ಮುಂದೆ ಆವೇಶದ ಅಲೆದಾಟ ನಡೆದು, ಎಂಟು ನಿಮಿಷ ದಾಟುವ ಹೊತ್ತಿಗೆ ಗಾಳಿವಾದ್ಯಗಳು ಮುಖ್ಯ ಥೀಮ್ ಹಿಡಿದಾಗ ತಂಬೂರಿ ಮತ್ತೆ ನೆಲಕ್ಕೆ ಕೂತಂತೆ ಹೊಂದುತ್ತದೆ. ಮರಳಿಕೆ ಇದು. ಮೊದಲು ಸಿ ಮೇಜರ್‌ನಲ್ಲಿ ಬಂದಿದ್ದ ಘಟ್ಟ ಈ ಸಲ ಎ ಮೇಜರ್‌ನಲ್ಲಿ, ಅದೇ ಷಡ್ಜದ ಮೇಲೆ, ಬರುವುದನ್ನೂ ಗುರುತು ಹಾಕಿಕೊಳ್ಳಿ.

ನಾಲ್ಕನೆಯ ಕೇಳ್ಮೆ: ಈಗ ಥೀಮ್

ಪಾಠಪುಸ್ತಕದ ದಾರಿಯಲ್ಲಿ ಮೊದಲು ಮಾಡುವ ಕೆಲಸವನ್ನು ಕೊನೆಗಿಟ್ಟದ್ದಕ್ಕೆ ಕಾರಣವಿದೆ. ನಕ್ಷೆಯಲ್ಲಿ 'ಎರಡನೆಯ ಥೀಮ್' ಎಂದಿರುತ್ತದೆ. ಅದಕ್ಕಾಗಿ ಕಾದರೆ ಶೂಮನ್‌ನಲ್ಲಿ ಅದು ಬರುವುದೇ ಇಲ್ಲ. ಸಿ ಮೇಜರ್‌ನಲ್ಲಿ ಕ್ಲಾರಿನೆಟ್ ಎತ್ತಿಕೊಳ್ಳುವುದೂ ಅದೇ 'ಗ ರಿ ಸ', ಹೊಸ ಷಡ್ಜದ ಮೇಲೆ. ಎ ಫ್ಲಾಟ್‌ನದೂ ಅದೇ. ಒಂದೇ ಬೀಜದಿಂದ ಎಲ್ಲ ಬೆಳೆದಿರುವಾಗ ಧಾಟಿ ಬದಲಾದದ್ದನ್ನು ನೋಡಿ ಘಟ್ಟ ಗುರುತಿಸಲು ಆಗುವುದಿಲ್ಲ. ಷಡ್ಜ ಮತ್ತು ಸರದಿ ಮೊದಲೇ ಗುರುತಾಗಿದ್ದರೆ ಮಾತ್ರ 'ಅದೇ ಥೀಮ್, ಬೇರೆ ಕೆಲಸ' ಎಂಬುದು ಕಾಣುತ್ತದೆ.

ಹನ್ನೊಂದೂವರೆ ನಿಮಿಷದ ಸುತ್ತ ಕಡೆನ್ಜಾ. ಮೊಜಾರ್ಟ್ ಕಾಲದಲ್ಲಿ ಅದು ವಾದಕನ ಮನೋಧರ್ಮಕ್ಕೆ ಬಿಟ್ಟ ಜಾಗ. ಶೂಮನ್ ಒಂದೊಂದು ಸ್ವರವನ್ನೂ ತಾನೇ ಬರೆದಿದ್ದಾನೆ. ಹಾಗಾಗಿ ಅದು ಚಮತ್ಕಾರದ ತೋರಿಕೆಯಲ್ಲ, ವಾದದ ಮುಂದುವರಿಕೆ. ಟ್ರಿಲ್‌ಗಳ ನಡುವೆ ಮುಖ್ಯ ಥೀಮ್ ಮತ್ತೆ ಕೇಳಿಸುತ್ತದೆ. ಆಮೇಲೆ ಬರುವ ಕೋಡಾದಲ್ಲಿ, ಅಂದರೆ ಮುಕ್ತಾಯದ ಘಟ್ಟದಲ್ಲಿ, ಲೆಕ್ಕ ಎರಡರ ಚುರುಕು ನಡೆಗೆ ಬದಲಾಗುತ್ತದೆ, ಅದೇ ಥೀಮ್ ಸಣ್ಣ ದನಿಯ ಕವಾಯತಿನಂತೆ ಶುರುವಾಗಿ ಏರುತ್ತದೆ. ತಾಳ ಹಾಕುತ್ತ ಕೇಳಿದರೆ ಬದಲಾವಣೆ ಕೈಗೇ ತಿಳಿಯುತ್ತದೆ.

ಭಾಗಗಳ ನಡುವಿನ ಬೆಸುಗೆ

ಶೂಮನ್ 1841ರಲ್ಲಿ ಬರೆದದ್ದು ಒಂದೇ ಭಾಗದ ಫ್ಯಾಂಟಸಿ (ಸ್ವತಂತ್ರ ರೂಪದ ಕೃತಿ). ಆ ವರ್ಷ ಆಗಸ್ಟ್‌ನಲ್ಲಿ ಲೈಪ್ಜಿಗ್‌ನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ಜೊತೆ ಕ್ಲಾರಾ ಅದನ್ನು ನುಡಿಸಿ ನೋಡಿದಳು. 1845ರಲ್ಲಿ ಇನ್ನೆರಡು ಭಾಗಗಳನ್ನು ಸೇರಿಸಿದ, ಡಿಸೆಂಬರ್ 4ರಂದು ಡ್ರೆಸ್ಡೆನ್‌ನಲ್ಲಿ ಕ್ಲಾರಾಳೇ ಪೂರ್ಣ ಕನ್ಚರ್ಟೊ ನುಡಿಸಿದಳು. ನಾಲ್ಕು ವರ್ಷ ಅಂತರದ ಈ ತುಂಡುಗಳು ಒಂದಾಗಿ ನಿಂತದ್ದು ಬೆಸುಗೆಯ ಬಲದಿಂದ.

ಎರಡನೆಯ ಭಾಗದ, ಅಂದರೆ ಇಂಟರ್‌ಮೆಜೊದ, ರಚನೆ ಸರಳ. ಎಫ್ ಮೇಜರ್‌ನಲ್ಲಿ ಪಿಯಾನೊ ಮತ್ತು ತಂತಿವಾದ್ಯಗಳ ಚುಟುಕು ಸಂಭಾಷಣೆ, ನಡುವೆ ಸಿ ಮೇಜರ್‌ನಲ್ಲಿ ಚೆಲ್ಲೊಗಳ ಉದ್ದ ಹಾಡು, ಮತ್ತೆ ಮೊದಲಿನದು. ಅದರ ಕೊನೆಯ ಅರ್ಧ ನಿಮಿಷಕ್ಕೆ ಕಿವಿ ತೆರೆದಿಡಿ. ಗಾಳಿವಾದ್ಯಗಳು 'ಗ ರಿ ಸ ಸ' ಎನ್ನುತ್ತವೆ, ಒಮ್ಮೆ ಅಂತರ ಗಾಂಧಾರದಲ್ಲಿ, ಒಮ್ಮೆ ಸಾಧಾರಣ ಗಾಂಧಾರದಲ್ಲಿ. ಮೇಜರ್ ಆಗಬೇಕೋ ಮೈನರ್ ಆಗಬೇಕೋ ಎಂಬ ಆ ಒಂದು ಪ್ರಶ್ನೆಯ ಮೇಲೆ ನಿಂತು, ಉತ್ತರವಾಗಿ ಎ ಮೇಜರ್‌ನ ಮೂರನೆಯ ಭಾಗ ತಡೆಯಿಲ್ಲದೆ ಹಾರಿ ಬರುತ್ತದೆ. ಆ್ಯಪ್ ಇಲ್ಲಿ ಎರಡು ಸೆಕೆಂಡ್ ಮೌನ ತುರುಕಿದರೆ ಎಲ್ಲ ಹೋಯಿತು. ಗ್ಯಾಪ್‌ಲೆಸ್ ಇರಲಿ ಎಂದದ್ದು ಇದಕ್ಕೇ.

ಮೂರನೆಯ ಭಾಗದಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ತಾಳ. ಲೆಕ್ಕ ಮೂರರದು, ಆದರೆ ಎರಡನೆಯ ಥೀಮ್ ಬಂದಾಗ ಹಾಕುತ್ತಿದ್ದ ತಾಳ ಜಾರಿಹೋಗುತ್ತದೆ. ಮೂರು ಮೂರರ ಎರಡು ಬಾರ್‌ಗಳನ್ನು, ಅಂದರೆ ಆರು ಎಣಿಕೆಗಳನ್ನು, ಎರಡೆರಡರ ಮೂರು ತುಂಡು ಮಾಡಿ ನುಡಿಸುತ್ತಾರೆ. ವೇಗ ನಿಧಾನವಾಯಿತು ಎಂದು ಬರೆಯಬೇಡಿ. ಒಳಗಿನ ಎಣಿಕೆ ಅದೇ ವೇಗದಲ್ಲಿದೆ, ಒತ್ತು ಬೀಳುವ ಜಾಗ ಬದಲಾಗಿದೆ. ಬೆರಳಲ್ಲಿ ಒಂದರಿಂದ ಆರು ಎಣಿಸುತ್ತ ಹೋದರೆ ಎರಡು ಸಲದಲ್ಲಿ ಹಿಡಿತಕ್ಕೆ ಸಿಗುತ್ತದೆ.

ಎರಡನೆಯ ತೊಡಕು ಮರಳಿಕೆಯದು. ಮೊದಲ ಸುತ್ತಿನಲ್ಲಿ ಷಡ್ಜ ಎ ಇಂದ ಅದರ ಪಂಚಮ ಇ ಗೆ ಹೋಗಿತ್ತು. ಮರಳುವಾಗ ಮುಖ್ಯ ಥೀಮ್ ಎ ಮೇಲೆ ಬರುತ್ತದೆಂದು ಕಾಯುತ್ತೇವೆ, ಅದು ಡಿ ಮೇಲೆ, ಮಧ್ಯಮದ ಮೇಲೆ, ಬರುತ್ತದೆ. ತಂಬೂರಿ ಹಿಡಿದವರು ಇನ್ನೂ ಮನೆ ಬಂದಿಲ್ಲ ಎಂದುಕೊಳ್ಳುತ್ತಾರೆ, ಥೀಮ್ ಹಿಡಿದವರು ಬಂತು ಎನ್ನುತ್ತಾರೆ. ಇಬ್ಬರೂ ಸರಿ. ಎ ಇಂದ ಇ ಗೆ ಎಷ್ಟು ದೂರವೋ ಡಿ ಇಂದ ಎ ಗೂ ಅಷ್ಟೇ. ಅದೇ ಹೆಜ್ಜೆಗಳನ್ನು ಮತ್ತೆ ಇಟ್ಟರೆ ಎರಡನೆಯ ಥೀಮ್ ತಾನಾಗಿ ಎ ಮೇಲೆ ಬಂದು ಕೂರುತ್ತದೆ. ನಿಮ್ಮ ಗೆರೆಯ ಮೇಲೆ ಎರಡು ಗುರುತು ಹಾಕಿ: ಥೀಮ್ ಮರಳಿದ್ದು, ಷಡ್ಜ ಮರಳಿದ್ದು. ಅಲ್ಲಿಂದ ಮುಂದೆ ಕೋಡಾ ಬಹಳ ಉದ್ದ. ಹೊಸ ಘಟ್ಟವೆಂದು ತಿಳಿದು ಹೆಸರು ಹುಡುಕಬೇಡಿ.

ಬೇರೆ ಕೃತಿಗಳಲ್ಲಿ ನಕ್ಷೆ ಎಲ್ಲಿ ಹರಿಯುತ್ತದೆ

ಶೂಮನ್ ಕೈವಶವಾದ ಮೇಲೆ ಮೆಂಡೆಲ್ಸನ್‌ನ ಜಿ ಮೈನರ್ ಕನ್ಚರ್ಟೊ ಅರ್ಧ ಗಂಟೆಯ ಕೆಲಸ. 1831ರದು, ಇಡೀ ಕೃತಿ ಸುಮಾರು 20 ನಿಮಿಷ. ಏಳು ಬಾರ್‌ಗಳಲ್ಲಿ ಆರ್ಕೆಸ್ಟ್ರಾ ಏರಿ ಬರುತ್ತದೆ, ಎಂಟನೆಯದರಲ್ಲಿ ಪಿಯಾನೊ ನುಗ್ಗುತ್ತದೆ. ಕಡೆನ್ಜಾ ಇಲ್ಲ. ಮೂರೂ ಭಾಗಗಳ ನಡುವೆ ತುತ್ತೂರಿ ಮತ್ತು ಹಾರ್ನ್‌ಗಳ ಕರೆ ಸೇತುವೆಯಾಗಿ ನಿಲ್ಲುತ್ತದೆ. ಆ ಕರೆ ಕೇಳಿದರೆ ಭಾಗ ಬದಲಾಯಿತು ಎಂದು ಗುರುತು ಹಾಕಿ. ಸಭಾಂಗಣದಲ್ಲಿದ್ದರೆ ಚಪ್ಪಾಳೆ ತಡೆಯಿರಿ. ಇದೇ ಬೆಸುಗೆಯನ್ನು ಕ್ಲಾರಾ (ಆಗಿನ್ನೂ ಮದುವೆಯಾಗದ ಕ್ಲಾರಾ ವೀಕ್) ತನ್ನ ಎ ಮೈನರ್ ಕನ್ಚರ್ಟೊದಲ್ಲೂ ಮಾಡಿದ್ದಾಳೆ. 1835ರ ನವೆಂಬರ್‌ನಲ್ಲಿ ಮೆಂಡೆಲ್ಸನ್ ನಿರ್ದೇಶನದಲ್ಲಿ ಅದನ್ನು ಮೊದಲು ನುಡಿಸಿದಾಗ ಅವಳಿಗೆ 16 ವರ್ಷ. ನಡುವಿನ ಭಾಗದಲ್ಲಿ ಆರ್ಕೆಸ್ಟ್ರಾ ಸುಮ್ಮನಾಗಿ ಪಿಯಾನೊ ಜೊತೆ ಒಂದೇ ಚೆಲ್ಲೊ ಹಾಡುವುದನ್ನು ಕೇಳಿ. ಅದು ಇರುವುದು ಎ ಫ್ಲಾಟ್ ಮೇಜರ್‌ನಲ್ಲಿ, ಶೂಮನ್ ಮುಂದೆ ಜಾರಿಹೋದ ಅದೇ ನೆಲದಲ್ಲಿ.

ಶೋಪ್ಯಾನ್‌ನ ಇ ಮೈನರ್, ಓಪಸ್ 11, ಬೇರೆ ಬಗೆಯದು. ಅವನು ಹಳೆಯ ಪೀಠಿಕೆಯನ್ನು ಉಳಿಸಿಕೊಂಡ. 138 ಬಾರ್ ಆರ್ಕೆಸ್ಟ್ರಾ ನುಡಿಸಿದ ಮೇಲೆ, ಸುಮಾರು ನಾಲ್ಕು ನಿಮಿಷದ ಹೊತ್ತಿಗೆ, ಪಿಯಾನೊ ಬರುತ್ತದೆ. ಹಳೆಯ ಕೆಲವು ಧ್ವನಿಮುದ್ರಣಗಳಲ್ಲಿ ಈ ಪೀಠಿಕೆಯನ್ನು ಕತ್ತರಿಸಿರುತ್ತಾರೆ, ಕೊಳ್ಳುವ ಮುಂಚೆ ಅವಧಿ ನೋಡಿಕೊಳ್ಳಿ. ತಂಬೂರಿಯನ್ನು ಇ ಗೆ, ಬಿಳಿ ಮೂರಕ್ಕೆ, ಇಟ್ಟರೆ ಒಂದು ವಿಚಿತ್ರ ಕಾಣುತ್ತದೆ: ಪಿಯಾನೊ ಎರಡನೆಯ ಥೀಮ್‌ಗೆ ಹೋದಾಗಲೂ ಅದು ಹೊಂದಿಕೊಂಡೇ ಇರುತ್ತದೆ. ನಿಮ್ಮ ಕಿವಿ ಕೆಟ್ಟಿಲ್ಲ. ಷಡ್ಜ ಇನ್ನೂ ಹೊರಟೇ ಇಲ್ಲ, ಇ ಮೈನರ್ ಇ ಮೇಜರ್ ಆಗಿದೆ ಅಷ್ಟೇ. ಮನೆಗೆ ಮರಳಬೇಕಾದ ಘಟ್ಟದಲ್ಲಿ ಅದೇ ಥೀಮ್ ಜಿ ಮೇಜರ್‌ನಲ್ಲಿ ಬರುತ್ತದೆ. ಎಲ್ಲರೂ ಹೊರಡುವಾಗ ಅವನು ಮನೆಯಲ್ಲಿದ್ದ, ಎಲ್ಲರೂ ಮರಳುವಾಗ ಅವನು ಹೊರಟ. ಇದನ್ನು ದೋಷವೆಂದು ಬರೆದವರೂ ಇದ್ದಾರೆ. ಹತ್ತು ನಿಮಿಷ ಕಟ್ಟಿಹಾಕಿದ್ದ ಷಡ್ಜ ಕೊನೆಗೊಮ್ಮೆ ಬಿಡುಗಡೆಯಾಗುವ ಆ ಕ್ಷಣ ಕೇಳಿದವರಿಗೆ ಅದು ದೋಷವೆನಿಸುವುದು ಕಷ್ಟ.

ಲಿಸ್ಟ್‌ನ ಇ ಫ್ಲಾಟ್ ಕನ್ಚರ್ಟೊಗೆ ನಾಲ್ಕು ಕೇಳ್ಮೆಯ ಕ್ರಮವನ್ನು ತಿರುವಬೇಕು, ಥೀಮ್ ಮೊದಲು. 1855ರ ಫೆಬ್ರವರಿಯಲ್ಲಿ ವೈಮಾರ್‌ನಲ್ಲಿ ಬರ್ಲಿಯೋಜ್ ನಿರ್ದೇಶನದಲ್ಲಿ ಲಿಸ್ಟ್ ತಾನೇ ನುಡಿಸಿದ ಈ ಕೃತಿ 20 ನಿಮಿಷದೊಳಗೆ ನಾಲ್ಕು ಘಟ್ಟಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ. ಎರಡನೆಯ ಘಟ್ಟದ ನಿಧಾನ ಹಾಡನ್ನು, ಮ್ಯೂಟ್ ಹಾಕಿದ ಚೆಲ್ಲೊ ಮತ್ತು ಬಾಸ್‌ಗಳಲ್ಲಿ ಶುರುವಾಗುವ ಅದನ್ನು, ಗುನುಗಲು ಬರುವಷ್ಟು ಕಲಿಯಿರಿ. ಮೂರನೆಯದರಲ್ಲಿ ಟ್ರಯಾಂಗಲ್‌ನ ಕಿಣಿಕಿಣಿ ಗುರುತಿಗೆ ಸಾಕು. ಕೊನೆಯ ಘಟ್ಟ ಶುರುವಾದಾಗ ಬರುವ ಮಾರ್ಚ್ ಹೊಸದೆಂದು ತೋರುತ್ತದೆ. ನೀವು ಗುನುಗಿದ ಹಾಡೇ ಬೂಟು ಹಾಕಿಕೊಂಡು ಬಂದಿದೆ. ಸ್ವರಗಳು ಅವೇ ಇದ್ದು ವೇಗ, ಒತ್ತು, ವಾದ್ಯ ಬದಲಾದರೆ ವೇಷವೇ ಬದಲಾಗುತ್ತದೆ. ಲಿಸ್ಟ್‌ನಲ್ಲಿ ರಚನೆ ಎಂದರೆ ಇದು, ಮರಳಿಕೆಯನ್ನು ಬೇರೆಡೆ ಹುಡುಕಿದರೆ ಸಿಗುವುದಿಲ್ಲ.

ಚೈಕಾವ್‌ಸ್ಕಿಯ ಬಿ ಫ್ಲಾಟ್ ಮೈನರ್ ಕನ್ಚರ್ಟೊದಲ್ಲಿ, ಎಲ್ಲರಿಗೂ ಗೊತ್ತಿರುವ ಶುರುವಿನ ಆ ಭವ್ಯ ಧಾಟಿಯನ್ನು ಮುಖ್ಯ ಥೀಮ್ ಎಂದು ಹಿಡಿದರೆ ಕೆಟ್ಟಿತು. ಅದು ಪೀಠಿಕೆ, ಡಿ ಫ್ಲಾಟ್ ಮೇಜರ್‌ನಲ್ಲಿದೆ, ಮೂರೂವರೆ ನಾಲ್ಕು ನಿಮಿಷಕ್ಕೆ ಮುಗಿದರೆ ಮತ್ತೆ ಇಡೀ ಕೃತಿಯಲ್ಲಿ ಬರುವುದಿಲ್ಲ. ಗೆರೆ ಎಳೆಯುವುದನ್ನು ಅದು ಮುಗಿದ ಮೇಲೆ ಶುರು ಮಾಡಿ.

ಬ್ರಾಮ್ಸ್‌ನ ಡಿ ಮೈನರ್, ಓಪಸ್ 15, ಕೊನೆಗಿಟ್ಟುಕೊಳ್ಳಿ. 1859ರಲ್ಲಿ ಲೈಪ್ಜಿಗ್‌ನ ಸಭಿಕರು 'ಉಸ್' ಎಂದು ಬುಸುಗುಟ್ಟಿ ತಿರಸ್ಕರಿಸಿದ ಕೃತಿ ಇದು. ಆರ್ಕೆಸ್ಟ್ರಾದ ಹಳೆಯ ಪೀಠಿಕೆ ಇಲ್ಲಿ ಮರಳಿ ಬಂದಿದೆ, 90 ಬಾರ್. ಡಿ ಮೇಲೆ ಟಿಂಪನಿ ಎಂಬ ದೊಡ್ಡ ನಗಾರಿಯ ಗುಡುಗಿನಿಂದ ಶುರು. ಮರಳಿಕೆಯಲ್ಲಿ ಆ ಡಿ ಗುಡುಗು ಮತ್ತೆ ಕೇಳಿಸುತ್ತದೆ, ತಂಬೂರಿಯನ್ನು ಆರ್ಕೆಸ್ಟ್ರಾವೇ ಹಚ್ಚಿದಂತೆ. ಅದರ ಮೇಲೆ ಪಿಯಾನೊ ಮುಖ್ಯ ಥೀಮನ್ನು ಇ ಮೇಜರ್‌ನಲ್ಲಿ ಎತ್ತುತ್ತದೆ. ಅಡಿಪಾಯ ಮನೆಗೆ ಬಂದಿದೆ, ಮಾತು ಬಂದಿಲ್ಲ. ಶೂಮನ್‌ನ ಕೊನೆಯ ಭಾಗದಲ್ಲಿ ಕಲಿತ ಎರಡು ಗುರುತುಗಳ ಅಭ್ಯಾಸ ಇಲ್ಲಿ ಕೈಹಿಡಿಯುತ್ತದೆ, ಆದರೆ ಇಲ್ಲಿ ಎರಡೂ ಒಂದೇ ಕ್ಷಣದಲ್ಲಿ ಬೀಳುತ್ತವೆ.

ಇಷ್ಟರ ಮೇಲೆ ಕನ್ನಡಿಗರು ಕೇಳಲೇಬೇಕಾದ ಒಂದು ಇದೆ. ರೊಮ್ಯಾಂಟಿಕ್ ದಾರಿಯನ್ನು ಇಪ್ಪತ್ತನೇ ಶತಮಾನದವರೆಗೂ ಬಿಡದೆ ನಡೆದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಮೂರೂ ಪಿಯಾನೊ ಕನ್ಚರ್ಟೊಗಳು 1940ರ ದಶಕದ ಕೊನೆಯಲ್ಲಿ ಲಂಡನ್‌ನಲ್ಲಿ ಅವನದೇ ವಾದನದಲ್ಲಿ ಧ್ವನಿಮುದ್ರಣವಾದದ್ದು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಅವರ ಹಣದಿಂದ. ಮೂರನೆಯ ಕನ್ಚರ್ಟೊ, ಇ ಮೈನರ್, ಅವರಿಗೇ ಅರ್ಪಿತ. ಅದರ ಭಾಗಗಳು ತಡೆಯಿಲ್ಲದೆ ಬೆಸೆದುಕೊಂಡಿವೆ, ಹಾಗಾಗಿ ಬೆಸುಗೆಯಿಂದ ಶುರು ಮಾಡಿ. ಮೊದಲನೆಯದು, ಸಿ ಮೈನರ್, ಒಂದೇ ಭಾಗದ ದೊಡ್ಡ ಕಟ್ಟಡ. ಅಲೆದಾಟ ಇರಬೇಕಾದ ನಡುವಿನ ಜಾಗದಲ್ಲಿ ಮೆಟ್ನರ್ ಒಂದರ ಹಿಂದೆ ಒಂದು ವೇರಿಯೇಷನ್‌ಗಳನ್ನು, ಅಂದರೆ ಒಂದೇ ಥೀಮ್‌ನ ಬೇರೆ ಬೇರೆ ರೂಪಗಳನ್ನು, ಇಟ್ಟಿದ್ದಾನೆ. ತಂಬೂರಿಯನ್ನು ಬಿಳಿ ಒಂದಕ್ಕೆ ಇಟ್ಟು, ಪ್ರತಿ ವೇರಿಯೇಷನ್ ಶುರುವಾದಲ್ಲಿ ಗೆರೆಯ ಮೇಲೊಂದು ಚುಕ್ಕೆ ಹಾಕುತ್ತ ಹೋಗಿ. ಚುಕ್ಕೆಗಳು ನಿಂತ ಮೇಲೆ ತಂಬೂರಿ ಎಲ್ಲಿ ಹೊಂದಿತು ಎಂದು ಕೇಳಿಸಿಕೊಂಡು ಅಲ್ಲಿ ಗುರುತು ಹಾಕಿ.